ಜೂನ್ ಒಂದು

ಡೋಂಗ್ರಿಯ ಬಾಲನ್ಯಾಯ ಮಂಡಳಿಯ ಕೋಣೆಯಲ್ಲಿ
ಗೋಡೆಗೆ ಯಾರೋ ಬರೆಯತೊಡಗಿದ ಆನೆಗೆ
ಸೊಂಡಿಲು ಇನ್ನೂ ಬಂದಿಲ್ಲ.
ನನ್ನನ್ನು ಕರೆಸಿದ್ದು ಕನ್ನಡಕ್ಕೆ.
ವಡಾಲದ ಮುನ್ಸಿಪಾಲಿಟಿ ಶಾಲೆಯಲ್ಲಿ ಮೂವತ್ತೊಂದು ವರ್ಷ;
ಅದಕ್ಕೆ ಬೀಗ ಬಿದ್ದ ಮೇಲೆ ಹೀಗೆ
ದಿನದ ಭತ್ಯೆಗೆ ಮಾತು ದಾಟಿಸುವವಳು.

ಹುಡುಗ ಯಲ್ಲಾಲಿಂಗ. ಅಫಜಲಪುರದ ಕಡೆಯವ.
ಮೆಟ್ರೋ ಕಾಮಗಾರಿಯ ತಾಮ್ರದ ತಂತಿ, ಮೂರು ಜನ, ಒಂದು ಸರಳು.
ಕಾವಲುಗಾರ ಕೆಇಎಂನಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ.
ಸರಳು ಯಾರ ಕೈಯಲ್ಲಿತ್ತು ಎಂದು ಕೇಳಿದರೆ
ತನ್ನ ಕೈಯನ್ನೇ ನೋಡಿಕೊಳ್ಳುತ್ತಾನೆ,
ಯಾರೋ ಬಿಟ್ಟುಹೋದ ಸಾಮಾನಿನಂತೆ.

ಘಟನೆ, ಜೂನ್ ಹನ್ನೆರಡರ ರಾತ್ರಿ.
ಶಾಲೆಯ ದಾಖಲೆಯಲ್ಲಿ ಜನನ, ಜೂನ್ ಒಂದು.
ಹದಿನಾರು ತುಂಬಿ ಹನ್ನೊಂದು ದಿನ.
ಈಚೆಗಾದರೆ ಹೆಚ್ಚೆಂದರೆ ಮೂರು ವರ್ಷ ಸುಧಾರಣಾ ಗೃಹ.
ಆಚೆಗಾದರೆ ಮನಸ್ಸು ಎಷ್ಟು ಬಲಿತಿದೆಯೆಂದು ತೂಗಿ ನೋಡಿ
ದೊಡ್ಡವರ ಹಾಗೆ ವಿಚಾರಿಸಲು ಕಳಿಸಬಹುದು.

ಪ್ರೊಬೇಷನ್ ಅಧಿಕಾರಿ ಗವಾಣಕರ್ ಮೇಡಂ
ಕ್ಯಾಂಟೀನಿನಲ್ಲಿ ಕಟಿಂಗ್ ತರಿಸಿದರು.
"ಇಂಗ್ಲೆಂಡಿನಲ್ಲಿ ಹತ್ತಕ್ಕೇ ಕಟಕಟೆ, ಗೊತ್ತೇ ಟೀಚರ್?
ಪಕ್ಕದ ಸ್ಕಾಟ್ಲೆಂಡಿಗೆ ಕಾಲಿಟ್ಟರೆ ಹನ್ನೆರಡು.
ಜರ್ಮನಿಯಲ್ಲಿ ಹದಿನಾಲ್ಕಾಗುವ ತನಕ ಅಪರಾಧಿ ಎಂಬ ಮಾತೇ ಇಲ್ಲ,
ಇಪ್ಪತ್ತರವನನ್ನೂ ಬೇಕಾದರೆ ಹುಡುಗನೆಂದೇ ವಿಚಾರಿಸುತ್ತಾರೆ.
ಅಮೆರಿಕದ ಕೆಲವು ರಾಜ್ಯಗಳಲ್ಲಂತೂ ಕೆಳಗಿನ ಮೆಟ್ಟಿಲೇ ಇಲ್ಲ."
ಗ್ಲಾಸು, ಬೆಂಕಿಪೊಟ್ಟಣ, ಸಕ್ಕರೆ ಡಬ್ಬಿ, ಅವರ ಕನ್ನಡಕ,
ಮೇಜಿನ ಮೇಲೆ ದೇಶಗಳು ಸಾಲಾದವು.
ನಡುವೆ ಒಂದು ಶೇಂಗಾ ಬೀಜವನ್ನು ದೂಡುತ್ತಾ ಹೋದರು:
ಇಲ್ಲಿ ಮಗು. ಇಲ್ಲಿ ಅಲ್ಲ. ಇಲ್ಲಿ ಮತ್ತೆ ಮಗು.
ಕೊನೆಗೆ, ಮಾತಿನ ಭರದಲ್ಲಿ,
ಅದನ್ನು ಬಾಯಿಗೆ ಹಾಕಿಕೊಂಡರು.

ನನಗೆ ಚಹಾ ಇಳಿಯಲಿಲ್ಲ.
ಜೂನ್ ಒಂದು ಯಾರ ಹುಟ್ಟುಹಬ್ಬವೆಂದು ನನಗೆ ಗೊತ್ತು.
ಅದು ಮಾಸ್ತರರು ಹೆತ್ತ ದಿನ.
ತಾಯಿ ಬೆರಳು ಮಡಚಿ ಎಣಿಸುತ್ತಾ ನಿಂತಿರುವಾಗ,
ಹಿಂದೆ ಸಾಲು ಬೆಳೆಯುವಾಗ, ಪೆನ್ನು ಸೋರುವಾಗ,
ಒಂದನೇ ಕ್ಲಾಸಿಗೆ ವಯಸ್ಸು ಹೊಂದಲೆಂದು
ನಾನೇ ಬರೆದಿದ್ದೇನೆ. ಒಂದು ವರ್ಷ
ನಲವತ್ತರಲ್ಲಿ ಇಪ್ಪತ್ತಾರು ಮಕ್ಕಳಿಗೆ.
ಒಳ್ಳೆಯದೇ ಮಾಡಿದೆನೆಂದು ಆ ರಾತ್ರಿ ನಿದ್ದೆಯೂ ಬಂದಿತ್ತು.

ತಾಯಿ ಭಾಗಮ್ಮ ಕೈಮುಗಿದು ಹೇಳಿದಳು:
"ಎಳ್ಳಮಾಸಿ ಎಂಟ್ ದಿನ ಇತ್ರಿ, ಆಗ ಹುಟ್ಯಾನ.
ಆ ವರ್ಷ ಹೊಲಕ್ಕ ಚರಗ ಚೆಲ್ಲಾಕ ನಾ ಹೋಗಲಿಲ್ರಿ,
ನಮ್ಮತ್ತಿ ಸಿಟ್ಟಾಗಿದ್ಲು."
ನನ್ನ ಕುಂದಾಪುರದ ಕಿವಿ ಎರಡು ಸಲ ಕೇಳಿತು.
ಆಮೇಲೆ ಮರಾಠಿಯಲ್ಲಿ, ವೇಳ ಅಮಾವಾಸ್ಯಾ ಎಂದೆ.
ಮ್ಯಾಜಿಸ್ಟ್ರೇಟರು ತಲೆ ಎತ್ತಿದರು. ಅವರ ಊರು ಲಾತೂರಂತೆ.
ಪೆನ್ನು ನಿಂತಿತು;
ಯಾವುದೋ ಹೊಲದ ಬದುವಿನಲ್ಲಿ ಅವರೂ ಒಮ್ಮೆ ಊಟಕ್ಕೆ ಕೂತಿರಬೇಕು.
ಬಳಿಕ ಕೇಳಿದರು: "ಕಾಗದ ಇದೆಯೇ?"

ದುಭಾಷಿ ತನ್ನ ಮಾತು ಆಡುವಂತಿಲ್ಲ.
ಆಡಿದೆ. "ಸರ್, ಜೂನ್ ಒಂದು ನಾವು ಬರೆಯುವುದು."
ಅವರು ಬರೆದುಕೊಂಡರೋ, ಗೀಟು ಎಳೆದರೋ,
ನಾನಿದ್ದಲ್ಲಿಗೆ ಕಾಣಲಿಲ್ಲ.
ಮುಂದಿನ ತಾರೀಖು ಕೊಟ್ಟರು.

ಹೊರಗೆ ಬೆಂಚು ಒಂದೇ.
ಆ ತುದಿಯಲ್ಲಿ ಕಾವಲುಗಾರನ ಹೆಂಡತಿ, ಛಪ್ರಾದವಳು,
ಪಕ್ಕಕ್ಕೆ ಆಸ್ಪತ್ರೆಯ ನೀಲಿ ಫೈಲು.
ನ್ಯೂಜಿಲೆಂಡಿನಲ್ಲಾದರೆ, ಗವಾಣಕರ್ ಹೇಳಿದ್ದರು,
ಪೆಟ್ಟು ತಿಂದವರನ್ನೂ ಹುಡುಗನ ಮನೆಯವರನ್ನೂ
ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸುತ್ತಾರೆ,
ಕಾಯ್ದೆಯಲ್ಲೇ ಹಾಗಿದೆ.
ಈ ತುದಿಯಲ್ಲಿ ಭಾಗಮ್ಮ ಕೂತಳು.
ಬಹಳ ಹೊತ್ತಿನ ಮೇಲೆ ನನ್ನ ಸೆರಗು ಜಗ್ಗಿದಳು:
"ಅಕ್ಕೋರೆ, ಊಟ ಆಗ್ಯಾದೇನ್ ಕೇಳ್ರಿ ಆಕೀಗಿ."

ಹಿಂದಿಯಲ್ಲಿ ಅದಕ್ಕೆ ಮೂರು ಪದ ಸಾಕು.
ನಾನಿನ್ನೂ ಮೊದಲನೆಯದನ್ನು ಹುಡುಕುತ್ತಿದ್ದೆ.
ಆಕೆ ಬೆಂಚಿನ ಮೇಲಿದ್ದ ಫೈಲನ್ನು ಎತ್ತಿ
ಮಡಿಲಿಗೆ ಹಾಕಿಕೊಂಡಳು.
ಜಾಗ ಮಾಡಿಕೊಟ್ಟಳೋ,
ಬಚ್ಚಿಟ್ಟುಕೊಂಡಳೋ.