ಎರಡು ಕಪ್ಪು ಗೀರು

ಮೈನಾಟ್ ಪೇಟೆಯ ಅಂಗಡಿಯವ ಕೇಳಿದ:
ಸಾವಿನ ಮನೆಗೋ, ಕೆಲಸಕ್ಕೋ?
ಹೆಂಗಸೊಬ್ಬಳು ಕಪ್ಪು ಬೂಟು ಕೇಳಿದರೆ
ಮೂರನೆಯ ಕಾರಣ ಅವನಿಗೆ ಹೊಳೆಯಲಿಲ್ಲ.
ಸೀಟಿ ಊದೋದಕ್ಕೆ, ಅಂದೆ.
ಬಗ್ಗಿ ನನ್ನ ಪಾದ ನೋಡಿದ,
ಸೀಟಿ ಅಲ್ಲೇ ಎಲ್ಲೋ ಇದೆ ಅನ್ನುವ ಹಾಗೆ.

ಪೇಟೆಂಟ್ ಚರ್ಮದ್ದು ತೆಗೆದಿಟ್ಟ. ಕನ್ನಡಿ!
ಒರೆಸಿದರೆ ಸಾಕು, ಪಾಲಿಶ್ ಬೇಡ.
ಉತ್ತರ ಡಕೋಟದ ಜನವರಿ ಕಂಡವರು
ಆ ಮಿಂಚಿಗೆ ಮರುಳಾಗುವುದಿಲ್ಲ.
ಒಂದು ರಾತ್ರಿ ಕಾರಿನಲ್ಲಿ ಬಿಟ್ಟರೆ
ಹೆಬ್ಬೆರಳು ಮಡಿಯುವಲ್ಲಿ ಬಿರಿಯುತ್ತದೆ
ಹೊಳೆಯ ಮೇಲಿನ ಮೊದಲ ಮಂಜುಗಡ್ಡೆಯಂತೆ.
ಸಾದಾ ಚರ್ಮದ್ದೇ ಕೊಂಡೆ, ಗಂಡಸರ ಏಳೂವರೆ,
ಒಳಗೆ ಎರಡು ಕಾಲುಚೀಲ.

ಪಾಲಿಶ್ ಕಲಿಸಿದವನು ಡೆಲ್ಮಾರ್.
ಮೂವತ್ತೊಂದು ಚಳಿಗಾಲ ಸೀಟಿ ಕಚ್ಚಿ
ಮುಂದಿನ ಹಲ್ಲೆರಡು ಸಡಿಲ.
ಹಳೇ ಬನಿಯನ್ ಚೂರು ಬೆರಳಿಗೆ ಬಿಗಿದು,
ಡಬ್ಬಿಯ ಮುಚ್ಚಳದಲ್ಲಿ ಎರಡು ಹನಿ ನೀರು,
ಸಣ್ಣ ಸುತ್ತು, ಇನ್ನೂ ಸಣ್ಣ ಸುತ್ತು.
'ಮೊದಲು ಮಂಕಾಗುತ್ತೆ. ಅಲ್ಲೇ ಹೆದರಿ
ಕೈಬಿಡುವವರು ಜಾಸ್ತಿ, ನೀನು ಬಿಡಬೇಡ.
ನಾಲಿಗೆಗೂ ಹಚ್ಚು,
ಬೂಟಿನದಕ್ಕೆ, ನಿನ್ನದಕ್ಕಲ್ಲ.
ಕೋಚುಗಳ ಹತ್ತಿರ ನಿನ್ನದು ಒರಟಾಗೇ ಇರಲಿ.'

ರಸ್ತೆಗೆ ಒಂದು ಜೊತೆ, ಅಂಕಣಕ್ಕೆ ಇದು.
ಹಿಮ ಕರಗಿಸಲು ಚೆಲ್ಲಿದ ಉಪ್ಪು ತಾಗಿದರೆ
ಬಿಳಿ ಗೆರೆ ಏಳುತ್ತದೆ, ಬೆವರು ಒಣಗಿದ ಅಂಗಿಯಂತೆ.
ಅದಕ್ಕೇ ಎದೆಗವಚಿಕೊಂಡು ಒಳಗೆ ಹೋಗುತ್ತೇನೆ,
ನಿದ್ದೆಗಣ್ಣಿನ ಕೂಸನ್ನು ಹೊತ್ತ ಹಾಗೆ.

ಈ ನವೆಂಬರಿಗೆ ಅಟ್ಟೆ ಸವೆಯಿತು.
ಮಗಳ ಹಲ್ಲಿನ ತಂತಿಗೆ ಕಂತು ಬಾಕಿ,
ಹೊಸ ಜೊತೆ ಎಲ್ಲಿಂದ?
ಅಟ್ಟೆ ಹೊಲಿಯುವವನು ಯಾವುದೋ ರಬ್ಬರು ಅಂಟಿಸಿದ.
ಟ್ರ್ಯಾಕ್ಟರಿನ ಟಯರಿನದೇ ಇರಬೇಕು.
ನಾನು ಮೇಲ್ಭಾಗವನ್ನೇ ಉಜ್ಜುತ್ತಿದ್ದೆ.
ಅಡಿ ಯಾರು ನೋಡುತ್ತಾರೆ?

ಶುಕ್ರವಾರ, ಸೋರ್ವಿಕ್ ಶಾಲೆ.
ಒಂಬತ್ತು ಸೆಕೆಂಡು ಬಾಕಿ, ಒಂದೇ ಅಂಕದ ಅಂತರ.
ಊರಿನ ಹುಡುಗಿ, ಹದಿನಾಲ್ಕನೆಯ ನಂಬರು,
ಬುಟ್ಟಿಗೆ ನುಗ್ಗಿದಳು, ಹಾಕಿಯೂ ಹಾಕಿದಳು.
ಎದುರಿನವಳು ನಿಂತಿದ್ದಳು. ಎರಡೂ ಪಾದ ಊರಿ
ನಿಂತೇ ಇದ್ದಳು.
ಊದಿದೆ. ಅಂಕ ಇಲ್ಲ.

ಇಡೀ ಊರು, ಮುನ್ನೂರೆಂಬತ್ತು ಜನ,
ಬೆಂಚು ಬಿಟ್ಟೆದ್ದಿತು.
ನನ್ನ ಕಣ್ಣು, ನನ್ನ ಅಡುಗೆಮನೆ, ನನ್ನ ತಾಯಿ
ಎಲ್ಲರಿಗೂ ಒಂದೊಂದು ಪಾಲು ಸಂದಿತು.
'ಬೂಟು ನೋಡ್ಕೊಳ್ಳೋದು ಬಿಟ್ಟು ಆಟ ನೋಡೇ!'
ಅದೊಂದು ಮಾತ್ರ ನಾಟಿತು,
ನಿಜಕ್ಕೂ ಹೊಳೆಯುತ್ತಿದ್ದವಲ್ಲ.

ಬಕೆಟ್ಟು ಪೊರಕೆಗಳ ಕೋಣೆಯಲ್ಲಿ ಬಟ್ಟೆ ಬದಲಿಸಿ
ಎಲ್ಲರೂ ಹೋದ ಮೇಲೆ ಹೊರಬಂದೆ.
ನೆಲ ಒರೆಸುವ ಮುದುಕ ಒಬ್ಬನೇ ಇದ್ದ.
ಕೋಲಿನ ತುದಿಗೆ ಟೆನಿಸ್ ಚೆಂಡು ಸಿಕ್ಕಿಸಿ
ಕಪ್ಪು ಕಲೆ ಹುಡುಕಿ ಹುಡುಕಿ ತಿರುವುತ್ತಿದ್ದ.
'ಇವು ನಿನ್ನವೇನು?'
ಓಡಿಬಂದು ತಟ್ಟನೆ ನಿಂತ ಜಾಗದಲ್ಲಿ
ಗೇಣುದ್ದದ ಗೀರು, ಎರಡು.
ಹೌದು, ಅಂದೆ.

ಅವನು ಗೀರು ನೋಡಿದ, ಬುಟ್ಟಿ ನೋಡಿದ,
ನಡುವಿನ ನೆಲವನ್ನು ಕಣ್ಣಲ್ಲೇ ಅಳೆದ.
ಬಹಳ ಹೊತ್ತು ಅಳೆದ ಅನ್ನಿಸಿತು ನನಗೆ.
ಮೂರು ಹೆಜ್ಜೆಯೂ ಇಲ್ಲ.
'ಹತ್ತಿರವೇ ಇದ್ದೆ' ಅಂದ,
ನನಗಲ್ಲ, ಚೆಂಡಿಗೆ ಹೇಳಿದಂತೆ.

ಒಂದು ಗೀರು ಹೋಯಿತು.
ಇನ್ನೊಂದಕ್ಕೆ ಮೈಭಾರ ಬಿಟ್ಟು ತಿರುವಿದ.
'ಅಟ್ಟೆ ಬದಲಿಸು' ಅಂದ.
ಅಷ್ಟೆ.