ಕುತ್ತಿಗೆಗೊಂದು ಹೆಗಲು

ಹೆಸರಿಗೆ ಐದನೇ ಗಾಲಿ.
ಗಾಲಿಯಲ್ಲ ಅದು, ರೊಟ್ಟಿ ಹೆಂಚಿನಂಥ ಕಬ್ಬಿಣ,
ಮೇಲೆ ಬೆರಳು ದಪ್ಪ ಗ್ರೀಸು,
ನಡುವೆ ಕೀಲು ನುಂಗಲು ತೆರೆದ ಬಾಯಿ.
ಅದಿರಬೇಕಾದ್ದು ಪಿಕಪ್ಪಿನ ಬೆನ್ನ ಮೇಲೆ.
ನಮ್ಮ ಗಾಲಿಮನೆ ಉದ್ದ ಕುತ್ತಿಗೆ ಚಾಚಿ
ಹನ್ನೊಂದು ವರ್ಷ ಅಲ್ಲೇ ಗದ್ದವಿಟ್ಟು
ಚಳಿಗೆ ಅರಿಜೋನಾ, ಸುಗ್ಗಿಗೆ ಮೊಂಟಾನಾ ಅಂತ
ಬಾತುಕೋಳಿಗಳ ಜೊತೆ ಓಡಾಡಿತ್ತು.

ವೀಬೋ ಊರಿನ ಏರಿನಲ್ಲಿ ಪಿಕಪ್ಪು ಸತ್ತಿತು.
ಆರ್ವಿಡ್ ಬಾನೆಟ್ಟು ಎತ್ತಿ ನೋಡಿದ,
ಮೆಲ್ಲಗೆ ಇಳಿಸಿದ,
ಹೆಣದ ಮುಖಕ್ಕೆ ಬಟ್ಟೆ ಎಳೆಯುವ ಹಾಗೆ.
ಬೀಟ್ ಸುಗ್ಗಿಗೆ ಇನ್ನು ನಾಲ್ಕೇ ದಿನ.
ಸಿಡ್ನಿಯಲ್ಲಿ (ಆಸ್ಟ್ರೇಲಿಯಾದ್ದಲ್ಲ, ಇಲ್ಲೇ ಮೇಲಿನ ಸಿಡ್ನಿ)
ರಾಶಿ ಅಂಗಳದ ರಾತ್ರಿ ಪಾಳಿ ನಮ್ಮದು.
ಇಬ್ಬರಿಗೂ ಎಪ್ಪತ್ತಾಗಿದೆ.
ಆ ಕೂಲಿ ಬಂದರೇ ಏಪ್ರಿಲ್‌ವರೆಗೆ ಗ್ಯಾಸು, ಗುಳಿಗೆ.

ಅಗ್ಗಕ್ಕೆ ಸಿಕ್ಕಿದ್ದು ಗೋಧಿ ಹೊರುವ ಹಳೇ ಲಾರಿ.
ಎಳೆಯುವ ಕಸುವಿದೆ, ಬೆನ್ನು ಕೊಡಲು ಜಾಗವಿಲ್ಲ;
ಹಿಂದೆ ಬಾಲದಲ್ಲೊಂದು ಕೊಂಡಿ ಮಾತ್ರ.
ಹಟರೈಟರ ಕಾಲನಿಯಲ್ಲಿ ಪೌಲ್ ವಾಲ್ನರ್
ಗಡ್ಡಕ್ಕೆ ಕಿಡಿ ಹಾರದಂತೆ ಟವೆಲು ಸುತ್ತಿಕೊಂಡು
ಎರಡು ದಿನ ಬೆಸುಗೆ ಹಾಕಿದ:
ಹುಲ್ಲುಬಂಡಿಯ ಅಚ್ಚು, ಎರಡು ಗಾಲಿ,
ಮುಂದಕ್ಕೊಂದು ಮೂಕಿ, ಮೇಲೆ ಆ ಹೆಂಚು.
ಡಾಲಿ ಅಂದ ಅದಕ್ಕೆ.
ದುಡ್ಡು ಬೇಡ, ಹೆಂಡತಿಗೆ ಹೊಲಿಗೆ ಮೆಷೀನು ಕೊಡಿ ಅಂದ.
ಕೊಟ್ಟೆ. ಅರ್ಧ ಹೊಲಿದ ಪರದೆ ಸೂಜಿಯಡಿ ಇತ್ತು,
ಕತ್ತರಿಸಿಕೊಂಡೆ.

ಹೊರಡುವಾಗ ಪೌಲ್ ಹೇಳಿದ:
ಮುಂದಕ್ಕೆ ಎಲ್ಲಿಗೆ ಬೇಕಾದರೂ ಹೋಗಿ.
ಹಿಂದಕ್ಕೆ ಮಾತ್ರ ಗೇಣೂ ಬೇಡ.
ಎರಡು ಮೊಣಕೈ ಇರುವ ತೋಳು ಇದು,
ತಳ್ಳಿದರೆ ಯಾವುದು ಮಡಿಚೀತೋ
ದೇವರಿಗೂ ಗೊತ್ತಿಲ್ಲ.

ಆಮೇಲೆ ನಮ್ಮ ಕಣ್ಣೇ ಬೇರೆಯಾಯಿತು.
ಬಂಕು ಕಂಡರೆ ಡೀಸೆಲ್ಲಿನ ದರ ನೋಡಲಿಲ್ಲ,
ಹೊರಬರುವ ಬಾಯಿ ಎಲ್ಲಿ ಅಂತ ನೋಡಿದೆವು.
ಕಾಫಿಯ ಅಂಗಡಿಗಳು ಬಂದವು, ಹೋದವು.
ಗ್ಲೆಂಡೈವ್‌ನಲ್ಲಿ ಆರ್ವಿಡ್‌ನ ತಂಗಿ
ಬಾಗಿಲಲ್ಲಿ ನಿಂತು ಕೈ ಬೀಸಿದಳು;
ಅವಳದ್ದು ಮೂರೇ ಮನೆಗಳ ಮೊಂಡುಬೀದಿ,
ನಾವೂ ಬೀಸಿದೆವು, ನಿಲ್ಲಲಿಲ್ಲ.

ಕತ್ತಲಾದ ಮೇಲೆ, ಯೆಲ್ಲೋಸ್ಟೋನ್ ನದಿಯ ದಡದಲ್ಲಿ,
ಸೇತುವೆ ಮುಚ್ಚಿದೆ ಅಂತ ಹಲಗೆ.
ಎಡಕ್ಕೆ ಕಾಲುವೆ. ಬಲಕ್ಕೆ ಬೇಲಿ.
ಇಂಜಿನ್ನು ಆರಿಸಿ ಇಬ್ಬರೂ ಸುಮ್ಮನೆ ಕೂತೆವು.
ತಿರುವು ತಪ್ಪಿದ್ದು ನನ್ನಿಂದ; ಅವನಿಗೆ ಗೊತ್ತು.
ಟಾರ್ಚು ಹಿಡಿದು ಹೋಗಿ ಸರಪಳಿ ಮುಟ್ಟಿ ನೋಡಿ ಬಂದು
ಸೂಪ್ ಮಾಡು ಅಂದ.

ನಮ್ಮ ಹಾಸಿಗೆ ಇರುವುದು ಮನೆಯ ಆ ಕುತ್ತಿಗೆಯಲ್ಲೇ.
ಅಂದರೆ ನಮ್ಮ ಕೆಳಗೆ ಹೆಂಚು, ಹೆಂಚಿನ ಕೆಳಗೆ
ಪೌಲನ ಬೆಸುಗೆ, ಅದರ ಕೆಳಗೆ ಮಂಜು.
ಆರ್ವಿಡ್ ಮಗ್ಗುಲು ಬದಲಿಸಿದಾಗೆಲ್ಲ
ಕಬ್ಬಿಣ ನರಳಿತು.
ನಲವತ್ತಾರು ವರ್ಷದಲ್ಲಿ ಎಣಿಸಿರಲಿಲ್ಲ,
ಅವತ್ತು ಎಣಿಸಿದೆ:
ರಾತ್ರಿಗೆ ಹದಿನೇಳು ಸಲ ಹೊರಳುತ್ತಾನೆ.

ಬೆಳಗ್ಗೆ ಹೊಲದೊಡತಿ ಟ್ರೂಡಿ ಕಾಲ್ಬ್ ಬಂದಳು,
ನೈಟಿಯ ಮೇಲೆ ಗಂಡಸಿನ ಕೋಟು.
ಲಾರಿ ನೋಡಿದಳು, ಡಾಲಿ ನೋಡಿದಳು, ನಮ್ಮನ್ನು ನೋಡಿದಳು.
ನಗಲಿಲ್ಲ. ಇಕ್ಕಳ ತಂದು ಬೇಲಿ ಬಿಚ್ಚಿದಳು.
ಬೀಟ್ ಕಿತ್ತಾಗಿದೆ, ನೆಲ ಹೆಪ್ಪುಗಟ್ಟಿದೆ,
ಬಿಸಿಲೇರುವ ಮೊದಲು ಸುತ್ತು ಹೊಡೆಯಿರಿ,
ಆಮೇಲೆ ಕೆಸರು, ಆಮೇಲೆ ನನ್ನ ಕೈಲಿಲ್ಲ.

ಹೋದೆವು.
ಲಾರಿ, ಡಾಲಿ, ಮನೆ, ಮನೆಯೊಳಗೆ ಕಪಾಟಿನ ಕಪ್ಪುಗಳು
ಒಂದರ ಬೆನ್ನಿಗೆ ಒಂದು ಕುಲುಕುತ್ತ
ಇಡೀ ಹದಿನೈದು ಎಕರೆ ಬಳಸಿ,
ಮುಂದಕ್ಕೇ ಹೋಗಿ ಹೋಗಿ
ಬಂದ ದಾರಿಗೇ ಬಂದು ನಿಂತೆವು.
ಕನ್ನಡಿಯಲ್ಲಿ ಟ್ರೂಡಿ ಬೇಲಿ ಕಟ್ಟುತ್ತಿದ್ದಳು.

ಅಂಗಳ ಸೇರಿದ್ದು ಸಂಜೆ. ಏಳಕ್ಕೆ ಪಾಳಿ.
ಆರ್ವಿಡ್‌ಗೆ ಕೈಗವಸು ಒಂದೇ ಸಿಕ್ಕಿತು,
ಇನ್ನೊಂದು ಆ ಹೊಲದಲ್ಲೇ ಎಲ್ಲೋ ಬಿದ್ದಿರಬೇಕು.
ನನ್ನದೊಂದು ಕೊಟ್ಟೆ.
ಎಡಗೈಯದು. ಸಾಕು ಅಂದ.