ಹದಿನಾಲ್ಕರ ತನಕ

ಬೈತಖೋಲದಿಂದ ಬಂದ ಗೌತಮಿ ತಾಂಡೇಲಳಿಗೆ ಐದೂವರೆ ವರುಷ.
ಕಾರವಾರದ ದೊಡ್ಡಾಸ್ಪತ್ರೆ, ಏಳನೇ ನಂಬರಿನ ಕೋಣೆ,
ಬೆಳಗಿನ ಎಂಟು. ಹೊಟ್ಟೆಗೆ ಏನೂ ಇಲ್ಲ, ಬಾಯಲ್ಲಿ ಒಂದೇ ಮಾತು:
"ಇರುವೆ ಕಚ್ಚಿದ ಹಾಗೆ ಅನ್ನಬೇಡ.
ಹೋದ ಸಲದವನು ಹಾಗೇ ಅಂದಿದ್ದ."

ನಾನು ಅನ್ನಲಿಲ್ಲ.
ಹತ್ತೊಂಬತ್ತು ವರುಷ ಅಂದಿದ್ದೆ, ಎಷ್ಟು ಮಕ್ಕಳಿಗೋ.
ಆ ಇರುವೆಯನ್ನು ಇವತ್ತು ಬಿಟ್ಟುಬಿಟ್ಟೆ.

"ರಗತ ಎಂತಕ್ಕೆ ಬೇಕು ನಿಂಗೆ?"
ಗೋಡೆಯ ಚಿತ್ರಪಟದಲ್ಲಿ ಕೆಂಪು ಕಣ, ಬಿಳಿ ಕಣ,
ನಗುವ ಸಿಪಾಯಿಗಳು. ಅವಳು ಅತ್ತ ನೋಡಲೂ ಇಲ್ಲ.
"ಹರಾಜಿನಲ್ಲಿ ಮೀನು ಕೊಳ್ಳುವಾಗ ಆಯಿ ಎಂತ ಮಾಡ್ತಾಳೆ?"
"ಕಿವಿರು ಎತ್ತಿ ನೋಡ್ತಾಳೆ."
"ಬುಟ್ಟಿಯ ಎಲ್ಲಾ ಮೀನಿಂದೂ?"
"ಮರುಳಾ ನಿಂಗೆ! ಒಂದೇ ಬಂಗಡೆ. ಕೆಂಪಿದ್ರೆ ಬುಟ್ಟಿಯೇ ಚಲೋ."
"ನಾನೂ ಅಷ್ಟೇ. ಒಂದೇ ಬಂಗಡೆ."

ಸುಮ್ಮನಾದಳು. ಆಮೇಲೆ,
"ಬಂಗಡೆ ಸತ್ತಿರ್ತದೆ."

ನನಗೆ ಕೊಟ್ಟ ತರಬೇತಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.
ಹಿಂದೆ ನಿಂತ ಆಯಿ ಸೆರಗು ಬಾಯಿಗೊತ್ತಿಕೊಂಡಳು,
ನಗುವಿಗೋ, ಮತ್ತೊಂದಕ್ಕೋ, ನಾನು ತಿರುಗಿ ನೋಡಲಿಲ್ಲ.
"ಹಾಗಾದ್ರೆ ಗಂಜಿ," ಅಂದೆ. "ಒಂದು ಅಗುಳು ಹಿಚುಕಿ..."
"ಬೆಂದಿತೋ ಇಲ್ವೋ. ಗೊತ್ತು. ಖಾಲಿಯಾಗೂದಿಲ್ವಾ ನಾನು?"
"ಕಾಳಿ ನದಿಯಿಂದ ಒಂದು ಚಿಪ್ಪು ನೀರು ತೆಗೆದರೆ?"
"ಭರತಿಗೆ ಮತ್ತೆ ತುಂಬ್ತದೆ."
ನಾನು ಹೇಳಬೇಕಾದ್ದನ್ನು ಅವಳೇ ಹೇಳಿದಳು.

ಪಟ್ಟಿ ಕಟ್ಟಿದೆ. ಮೊಣಕೈ ಮಡಿಕೆಯಲ್ಲಿ ಬೆರಳಿಟ್ಟು ತಡಕಿದೆ;
ಉಸುಕಿನ ಏಡಿಯ ಹಾಗೆ ನರ ಸಿಕ್ಕಿ ಜಾರಿತು, ಸಿಕ್ಕಿತು.
"ನೋಯ್ತದೆ," ಅಂದೆ.
"ಎಲ್ಲಿ ತನಕ?"
"ನನಗೂ ಗೊತ್ತಿಲ್ಲ. ಎಣಿಸಿ ನೋಡು."

ಎರಡಕ್ಕೆ ಸೂಜಿ. ಮೂರಕ್ಕೆ ಕಿರುಚಿದಳು,
ಆದರೆ ಅಂಕಿಯನ್ನೇ ಕಿರುಚಿದಳು: ನಾಲ್ಕು! ಐದು!
ಏಳಕ್ಕೆ ನೇರಳೆ ಮುಚ್ಚಳದ ಕೊಳವೆ ತುಂಬಿತು,
ಹನ್ನೊಂದು ಎರಡು ಸಲ ಬಂತು,
ಕೆಂಪು ಮುಚ್ಚಳದ್ದೂ ಮುಗಿದು
ಹದಿನಾಲ್ಕಕ್ಕೆ ಹತ್ತಿ.

ಕೊಳವೆಗೆ ಅವಳ ಹೆಸರು ಅಂಟಿಸಿದೆ.
ಕೇಳಿ ಇಸಿದುಕೊಂಡು ಮುಷ್ಟಿಯಲ್ಲಿ ಹಿಡಿದಳು.
"ಬೆಚ್ಚಗಿದೆ."
ಅಷ್ಟೇ ಅಂದಳು, ಬಂಗಡೆಯ ವಾದ ಗೆದ್ದವಳ ಹಾಗೆ.

ವರದಿ ಸಂಜೆ ನಾಲ್ಕಕ್ಕೆ. ಆಯಿ ಚೀಟಿಯನ್ನು
ಎರಡು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಹೊರಗೆ ಬೆಂಚಿನ ಮೇಲೆ ಮಾಜಾಳಿಯ ಒಬ್ಬ ಹುಡುಗ
ಎರಡೂ ಕೈ ಅಂಗಿಯೊಳಗೆ ಎಳೆದುಕೊಂಡು ಕೂತಿದ್ದ.
ಬಾಗಿಲ ಸಂದಿಯಿಂದ ಕೇಳಿಸಿತು:
"ನೋಯ್ತದೆ. ಹದಿನಾಲ್ಕರ ತನಕ.
ನಿಂಗೆ ಎಣಿಸೂಕೆ ಬರ್ತದಾ?"